ಬಣ್ಣ ಬರೆಯದಿದ್ದರೆ ಕೆಂಪು

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರಿಗೆ ದಣಿವಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಅಂಥವರು ಮಾಡಿ ಮುಗಿಸಿ, ಕೈಕಾಲು ತೊಳೆದು, ಉಂಡು ಮಲಗುತ್ತಾರೆ. ನಿಜವಾಗಿ ಸೊರಗಿಹೋಗುವವರು ಯಾರೆಂದರೆ, ಇದನ್ನು ಒಂದೇ ಸಲ ಚೆನ್ನಾಗಿ ಮಾಡಿಟ್ಟುಬಿಡೋಣ, ಆಮೇಲೆ ಜನ್ಮಪೂರ್ತಿ ಆರಾಮಾಗಿರೋಣ ಎಂದು ಹೊರಟವರು. ನಾನು ಆ ಗುಂಪಿಗೆ ಸೇರಿದವಳು. ನಮ್ಮ ಅತ್ತೆ ದಿನಾ ಬೆಳಿಗ್ಗೆ ಅದೇ ಅಂಗಳವನ್ನು ಅದೇ ಪೊರಕೆಯಿಂದ ಗುಡಿಸುತ್ತಾರೆ. ನಾಳೆ ಕಸವೇ ಬೀಳದ ಹಾಗೆ ಇವತ್ತು ಗುಡಿಸಿಡಬೇಕು ಎಂದು ಅವರಿಗೆ ಒಂದು ದಿನವೂ ಅನ್ನಿಸಿಲ್ಲ. ಅದಕ್ಕೇ ಅವರು ಈ ವಯಸ್ಸಿನಲ್ಲೂ ನೆಟ್ಟಗೆ ನಡೆಯುತ್ತಾರೆ, ನಾನು ಅವರ ಅರ್ಧ ವಯಸ್ಸಿಗೇ ಸೊಂಟ ಹಿಡಿದುಕೊಂಡು ಏಳುತ್ತೇನೆ.

ನನ್ನ ಕೆಲಸ ವೆಬ್‌ಸೈಟ್ ಮಾಡುವುದು. ತಮಿಳುನಾಡಿನ ನಲ್ಲಂಪಳ್ಳಿಯ ನಮ್ಮ ಮನೆಯಲ್ಲಿ, ಮೊದಲು ಕಡಲೆಕಾಯಿ ಮೂಟೆ ಇಡುತ್ತಿದ್ದ ಕೋಣೆಯೇ ನನ್ನ ಆಫೀಸು. ಮದುವೆಗೆ ಮುಂಚೆ ಹೊಸೂರಿನಲ್ಲಿ ಕೆಲಸಕ್ಕಿದ್ದೆ. ಬಾಯಲ್ಲಿ ಮಾತ್ರ ಇದ್ದ ಕನ್ನಡಕ್ಕೆ ಅಕ್ಷರ ಸಿಕ್ಕಿದ್ದೂ ಅಲ್ಲೇ. ಆನೇಕಲ್ ಕಡೆ ಹೋಗುವ ಬಸ್ಸಿನ ಬೋರ್ಡು ಓದಿ ಓದಿ ಕಲಿತವಳು ನಾನು. ಇವತ್ತಿಗೂ ಕನ್ನಡದ ದೊಡ್ಡ ಪದ ಕಂಡರೆ ಅದು ಯಾವ ಊರಿಗೆ ಹೋಗುತ್ತದೆ ಎಂದು ಒಂದು ಕ್ಷಣ ನೋಡುತ್ತೇನೆ. ಇರಲಿ, ಹೇಳಲು ಹೊರಟದ್ದು ಅದಲ್ಲ.

ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದು ಒಂದು ಸಾಧನವಿದೆ. ಬರಹವನ್ನೂ ಫೋಟೋಗಳನ್ನೂ ಒಂದು ಕಡೆ ಇಟ್ಟುಕೊಟ್ಟರೆ ಅದು ಪುಟಗಳನ್ನೆಲ್ಲ ತಾನೇ ತಯಾರಿಸಿ ಸಾಲಾಗಿ ಮುಂದಿಡುತ್ತದೆ. ಆ ಪುಟ ಹೇಗೆ ಕಾಣಬೇಕು, ಹೆಸರು ಎಲ್ಲಿ, ಫೋಟೋ ಎಲ್ಲಿ, ಬಣ್ಣ ಯಾವುದು ಎನ್ನುವುದಕ್ಕೆ ಥೀಮ್ ಎಂದು ಹೆಸರು. ಥೀಮನ್ನು ಒಂದು ಸಲ ಮಾಡಿಟ್ಟರೆ ಸಾಕು. ಹೂವಿನಂಗಡಿಯಾಗಲಿ ಹಲ್ಲಿನ ಡಾಕ್ಟರಾಗಲಿ, ಒಳಗಿನ ಬರಹ ಬದಲಾದರಾಯಿತು, ಮೇಲಿನ ಅಂಗಿ ಅದೇ. ಈ ವಿಷಯ ತಿಳಿದ ದಿನ ನನಗೆ ಮೋಕ್ಷದ ಬಾಗಿಲು ಕಂಡಂತಾಯಿತು. ಒಂದೇ ಥೀಮ್ ಮಾಡುತ್ತೇನೆ, ಧರ್ಮಪುರಿ ಸೇಲಂ ಎರಡು ಜಿಲ್ಲೆಗೂ ಅದನ್ನೇ ತೊಡಿಸುತ್ತೇನೆ, ನಾನು ಹಾಯಾಗಿ ಮಲಗುತ್ತೇನೆ ಎಂದು ಗಂಡನಿಗೆ ಹೇಳಿದೆ. ಸೇಲಂನ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದು ಕೂತಿದ್ದ ಅವರು, ಮಲಗುವುದಕ್ಕೆ ಇಷ್ಟೆಲ್ಲ ಯಾಕೆ ಬೇಕು, ಹಾಗೇ ಮಲಗಬಹುದಲ್ಲ ಎಂದು ಹೇಳಿ ಮಲಗಿಯೇಬಿಟ್ಟರು.

ಎಲ್ಲರಿಗೂ ಆಗುವ ಥೀಮ್ ಮಾಡಬೇಕಾದರೆ ಎಲ್ಲರೂ ಏನೇನು ಕೇಳಬಹುದು ಎಂದು ಮೊದಲೇ ಊಹಿಸಬೇಕು. ನಾನು ಊಹಿಸಿದೆ. ಆದರೆ ನಮ್ಮ ಕಡೆಯ ಜನರನ್ನು ಊಹಿಸುವಷ್ಟು ಕಲ್ಪನೆ ದೇವರು ನನಗೆ ಕೊಟ್ಟಿಲ್ಲ. ಕಡಯಂಪಟ್ಟಿಯಲ್ಲಿ ಮದುವೆ ಮಂಟಪ ಕಟ್ಟಿಸಿದ ಯಜಮಾನರೊಬ್ಬರು ಬಂದು, ನಾನು ಒಂದು ಸಸಿ ನರ್ಸರಿಗೆ ಮಾಡಿಕೊಟ್ಟ ಸೈಟನ್ನು ತೋರಿಸಿ, "ಅದೇ ಮಾದಿರಿ, ಆನಾ ಅದು ಇಲ್ಲೆ" ಎಂದು ತಮಿಳಿನಲ್ಲಿ ಹೇಳಿದರು. ಅದರ ಹಾಗೇ ಬೇಕು, ಆದರೆ ಅದಾಗಿರಬಾರದು. ಈ ವ್ಯಾಪಾರದಲ್ಲಿ ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಬೇಡಿಕೆ ಇದೇ. ಆಮೇಲೆ ಅವರು ಮೇಲ್ಗಡೆ ತಮ್ಮ ತಾತ, ಅಪ್ಪ, ದೊಡ್ಡಪ್ಪಂದಿರು, ಅವರ ಮಕ್ಕಳು ಎಲ್ಲರ ಹೆಸರೂ ಬರಬೇಕೆಂದರು, ಲಗ್ನಪತ್ರಿಕೆಯಲ್ಲಿ ಬರುವ ಹಾಗೆ. ಯಾರ ಹೆಸರು ಬಿಟ್ಟರೂ ಅವರು ಮಂಟಪದ ಮೆಟ್ಟಿಲು ಹತ್ತುವುದಿಲ್ಲವಂತೆ. ಒಂದು ಸಾಲು ಹಿಡಿಯಲೆಂದು ಮಾಡಿದ ನನ್ನ ತಲೆಬರಹದಲ್ಲಿ ಇಡೀ ವಂಶ ಬಂದು ನಿಂತಿತು. ಮಂಟಪದ ಫೋಟೋ ನೋಡಬೇಕಾದರೆ ಮೊಬೈಲಿನಲ್ಲಿ ಹೆಬ್ಬೆರಳು ನೋಯುವವರೆಗೆ ಕೆಳಗೆ ಹೋಗಬೇಕು.

ಹೀಗೆ ಒಬ್ಬೊಬ್ಬರು ಬಂದಾಗಲೂ ಥೀಮಿಗೆ ಒಂದೊಂದು ಹೊಸ ಜೇಬು ಹೊಲಿದೆ. ಡಾಕ್ಟರಿಗೆ ಸಮಯ ಹಾಕುವ ಜಾಗ, ನರ್ಸರಿಯವರಿಗೆ ಹೊಸ ಸಸಿ ಬಂದಿದೆ ಎಂದು ತಿಳಿಸಲು ಫೋಟೋದ ಮೇಲ್ಗಡೆ ಬಲಮೂಲೆಯಲ್ಲಿ ಒಂದು ದುಂಡನೆಯ ಬೊಟ್ಟು. ಈ ಬೊಟ್ಟಿನ ಮೇಲೆ ನನಗೆ ಬಹಳ ಪ್ರೀತಿ. ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಒಂದು ಕಡೆ ಬಣ್ಣದ ಹೆಸರು ಬರೆದರೆ ಬೊಟ್ಟು, ಗೆರೆ, ಬಟನ್ನು ಎಲ್ಲವೂ ಅದೇ ಬಣ್ಣಕ್ಕೆ ತಿರುಗುತ್ತವೆ. ಬಣ್ಣ ಬರೆಯಲು ಮರೆತರೆ? ಅದಕ್ಕೂ ಯೋಚಿಸಿದ್ದೆ. ಬಣ್ಣ ಬರೆಯದಿದ್ದರೆ ಕೆಂಪು. ಯಾಕೆ ಕೆಂಪು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಏನಾದರೊಂದು ಇರಬೇಕಲ್ಲ, ಕೈಗೆ ಬಂದದ್ದು ಕೆಂಪು.

ಇನ್ನು ನನ್ನ ತವರಿನ ವಿಷಯಕ್ಕೆ ಬರುತ್ತೇನೆ. ತವರು ನಂಗವಳ್ಳಿಯ ಹತ್ತಿರದ ಒಂದು ಹಟ್ಟಿ. ಅಪ್ಪ ಕುರಿ ಸಾಕಿದವರು, ಈಗ ಅಣ್ಣನೂ ತಮ್ಮ ಮಾದೇಶನೂ ಅದನ್ನೇ ಮಾಡುತ್ತಾರೆ. ನಮ್ಮ ಕಡೆ ಹಲವರ ಮಂದೆ ಒಂದೇ ಬಯಲಿನಲ್ಲಿ ಮೇಯುವುದರಿಂದ ಪ್ರತಿಯೊಬ್ಬರೂ ತಮ್ಮ ಕುರಿಯ ಹಿಂದೊಡೆಯ ಮೇಲ್ಭಾಗಕ್ಕೆ, ಚಪ್ಪೆಯ ಮೇಲೆ, ತಮ್ಮ ಬಣ್ಣದ ಬೊಟ್ಟು ಇಡುತ್ತಾರೆ. ಬೊಟ್ಟೇ ಕುರಿಯ ವಿಳಾಸ. ಒಬ್ಬರ ಕುರಿಯ ಮೇಲೆ ಇನ್ನೊಬ್ಬರ ಬಣ್ಣ ಕಂಡರೆ ಎರಡೇ ಅರ್ಥ, ಮಾರಿದ್ದಾರೆ ಇಲ್ಲವೇ ಕದ್ದಿದ್ದಾರೆ. ಅಪ್ಪನ ಬಣ್ಣ ಕೆಂಪು. ಕೆಮ್ಮಣ್ಣನ್ನು ಬೇವಿನೆಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನಮ್ಮ ಮೇಚೇರಿ ತಳಿಯ ಕುರಿಗಳದ್ದೇ ಕಂದುಕೆಂಪು ಮೈ, ಅದರ ಮೇಲೆ ಕೆಮ್ಮಣ್ಣಿನ ಬೊಟ್ಟು ಅಪ್ಪನ ಕಣ್ಣಿಗೆ ಬಿಟ್ಟು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಅದು ನಮ್ಮ ಬಣ್ಣ.

ಅಪ್ಪ ಹೋದ ಮೇಲೆ ಮಂದೆ ಪಾಲಾಯಿತು. ಕುರಿಗಳನ್ನು ಎಣಿಸಿ ಎರಡು ಮಾಡಬಹುದು, ಬಣ್ಣವನ್ನು ಹೇಗೆ ಎರಡು ಮಾಡುವುದು? ಕೆಂಪು ದೊಡ್ಡವನಿಗೆ ಎಂದು ಹಿರಿಯರು ಹೇಳಿದರು. ಮಾದೇಶ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಡಬ್ಬಿ ನೀಲಿ ಪೇಂಟು ತಂದ. ಆ ನೀಲಿ ಮೆಟ್ಟೂರಿನ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ. ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೇ ಇದ್ದಾರೆ. ನಡುವೆ ಒಂದು ಮುಳ್ಳುಬೇಲಿ, ಅದರಾಚೆ ಈಚೆ ನಿಂತು ಒಬ್ಬರ ಕುರಿಯನ್ನು ಇನ್ನೊಬ್ಬರು ಬೈಯುತ್ತಾ ಹೇಗೋ ಹೊಂದಿಕೊಂಡು ಹೋಗುತ್ತಿದ್ದರು. ಆ ಹೊಂದಾಣಿಕೆಯನ್ನು ಕೆಡಿಸಲು ನನ್ನ ಥೀಮೇ ಬೇಕಾಯಿತು.

ಮೊದಲು ಕೇಳಿದ್ದು ಅಣ್ಣ. ಪಟ್ಟಣದವರೆಲ್ಲ ಮೊಬೈಲಿನಲ್ಲೇ ಕುರಿ ನೋಡುತ್ತಾರಂತೆ, ನಮಗೂ ಒಂದು ಸೈಟ್ ಮಾಡಿಕೊಡಮ್ಮಾ ಎಂದ. ಮಾಡಿಕೊಟ್ಟೆ. ಅವನಿಗೆ ಬಣ್ಣ ಬರೆಯುವ ಅಗತ್ಯವೇ ಬೀಳಲಿಲ್ಲ, ತಾನಾಗಿಯೇ ಕೆಂಪು ಬಂತು. ಬೇಲಿಯಾಚೆಯಿಂದ ನೋಡಿದ ಮಾದೇಶ ಮಾರನೇ ವಾರ ಕೇಳಿದ. ನಾನು ಖುಷಿಯಾಗಿ, ನೋಡಿ ಥೀಮಿನ ಮಹಿಮೆ ಎಂದು ಅತ್ತೆಗೆ ಹೇಳುತ್ತಾ, ಅಣ್ಣನ ಸೈಟಿನ ಫೈಲುಗಳನ್ನು ನಕಲು ಮಾಡಿ, ಹೆಸರು ಬದಲಿಸಿ, ಮಾದೇಶನ ಕುರಿಗಳ ಫೋಟೋ ಸೇರಿಸಿ, ಟೀ ಆರುವುದರೊಳಗೆ ಸೈಟ್ ಏರಿಸಿಬಿಟ್ಟೆ. ಬಣ್ಣ ಬರೆಯಲಿಲ್ಲ.

ಆಗಿದ್ದೇನೆಂದರೆ, ಮಾದೇಶ ತನ್ನ ಕುರಿಗಳನ್ನೆಲ್ಲ ತಲೆ ಎಡಕ್ಕೆ, ಬಾಲ ಬಲಕ್ಕೆ ನಿಲ್ಲಿಸಿ ಫೋಟೋ ತೆಗೆದಿದ್ದ. ಫೋಟೋದ ಮೇಲ್ಗಡೆ ಬಲಮೂಲೆ ಎಂದರೆ ಸರಿಯಾಗಿ ಚಪ್ಪೆ. ಎಲ್ಲವೂ ಹೊಸದಾಗಿ ಏರಿಸಿದ ಫೋಟೋ ಆದ್ದರಿಂದ ಪ್ರತಿ ಕುರಿಯ ಚಪ್ಪೆಯ ಮೇಲೂ, ಅವನ ನೀಲಿ ಬೊಟ್ಟನ್ನು ಪೂರ್ತಿ ಮುಚ್ಚಿಕೊಂಡು, ನನ್ನ ಪ್ರೀತಿಯ ದುಂಡನೆಯ ಕೆಂಪು ಬೊಟ್ಟು ಕೂತುಬಿಟ್ಟಿತು. ಆ ಲಿಂಕನ್ನು ಅವನು ಹೆಮ್ಮೆಯಿಂದ ಕುರಿಯವರ ಮೊಬೈಲ್ ಗುಂಪಿಗೆ ಹಾಕಿದ. ಗುಂಪಿನಲ್ಲಿ ಯಾರೋ, ಮಂದೆ ಮತ್ತೆ ಒಂದಾಯಿತಾ, ಬಹಳ ಸಂತೋಷ ಎಂದರು. ಇನ್ಯಾರೋ, ಒಂದಾಗಿಲ್ಲ, ಅಣ್ಣನಿಗೇ ಮಾರಿರಬೇಕು ಎಂದರು. ಅಷ್ಟು ಹೊತ್ತಿಗೆ ಓಮಲೂರಿನ ವ್ಯಾಪಾರಿಯೊಬ್ಬ ಮಾದೇಶನ ಕುರಿಯ ಫೋಟೋ ಹಿಡಿದುಕೊಂಡು ಹಟ್ಟಿಗೆ ಬಂದು, ಕೆಂಪು ಬೊಟ್ಟಿನವರ ಮನೆ ಯಾವುದು ಎಂದು ಕೇಳಿಕೊಂಡು, ನೇರವಾಗಿ ಅಣ್ಣನ ಬಾಗಿಲಿಗೆ ಹೋಗಿದ್ದ.

ಮಾದೇಶ ಫೋನ್ ಮಾಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕಾ, ನನ್ ಕುರಿನೆಲ್ಲಾ ಅಣ್ಣಂಗೆ ಬರ್ದು ಕೊಟ್ಬುಟ್ಯಾ?" ಎಂದ.

ಒಂದು ಪದ ಬರೆದರೆ ಸರಿಹೋಗುವ ತಪ್ಪು ಎಂದೆ, ಬರೆದೂ ಬಿಟ್ಟೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಕುರಿಗಳೂ ನೀಲಿಯಾದವು. ಅವನ ಮೊಬೈಲಿನಲ್ಲಿ ಆಗಲಿಲ್ಲ. ಅದು ಹಳೆಯ ಪುಟವನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡು ತೋರಿಸುತ್ತಿತ್ತು. ಪುಟವನ್ನು ಬೆರಳಿನಿಂದ ಕೆಳಗೆ ಎಳೆದು ಬಿಡು ಎಂದೆ. ಎಳೆದ, ಕೆಂಪು. ಆಫ್ ಮಾಡಿ ಆನ್ ಮಾಡು ಎಂದೆ. ಮಾಡಿದ, ಕೆಂಪು. ನಾನು ಇಲ್ಲಿ ನೀಲಿ ಎನ್ನುತ್ತೇನೆ, ಅವನು ಅಲ್ಲಿ ಕೆಂಪು ಎನ್ನುತ್ತಾನೆ, ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೇವೆ. ಕೊನೆಗೆ ಅವನು ಬಹಳ ಮೆತ್ತಗೆ, ಬಿಡಕ್ಕಾ, ನಿನಗೆ ಹೇಗೆ ಕಾಣುತ್ತದೋ ಹಾಗೇ ಇರಲಿ ಎಂದು ಫೋನ್ ಇಟ್ಟ.

ಆ ಕಡೆ ಅಣ್ಣನಿಗೆ ಬೇರೆ ಕೋಪ. ತಮ್ಮ ತನ್ನ ಬಡಕಲು ಕುರಿಗಳನ್ನು ಅಪ್ಪನ ಬಣ್ಣ ಹಾಕಿ ಮಾರಲು ನೋಡಿದ ಎಂದು ಅವನ ವಾದ. ಯಾರ ಹತ್ತಿರವೂ ಜಗಳ ಆಡಲಿಲ್ಲ. ಸುಮ್ಮನೆ ಒಂದು ಬೆಳಿಗ್ಗೆ ತನ್ನ ಕುರಿಗಳಿಗೆಲ್ಲ ಒಂದರ ಜಾಗದಲ್ಲಿ ಎರಡು ಕೆಂಪು ಬೊಟ್ಟು ಇಟ್ಟ. ಮಾರನೇ ದಿನ ಮಾದೇಶ ಎರಡು ನೀಲಿ ಇಟ್ಟ. ಅಣ್ಣ ಕಾಲಿಗೆ ಬಳಿದ. ಮಾದೇಶ ಕಿವಿಗೆ ಬಳಿದ. ಉಣ್ಣೆಯಿಲ್ಲದ ನಮ್ಮ ಮೇಚೇರಿ ಕುರಿಗಳಿಗೆ ಜನ್ಮದಲ್ಲಿ ಮೊದಲ ಬಾರಿಗೆ ಮೈತುಂಬ ಹೊದ್ದ ಹಾಗಾಯಿತು. ಇಷ್ಟು ಪೇಂಟು ಖರ್ಚಾದದ್ದಕ್ಕೆ ಹಾರ್ಡ್‌ವೇರ್ ಅಂಗಡಿಯವನಾದರೂ ನನಗೆ ಒಂದು ನಮಸ್ಕಾರ ಹೇಳಬಹುದಿತ್ತು.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ನನ್ನ ಮಗಳ ಕಿವಿ ಚುಚ್ಚುವ ಶಾಸ್ತ್ರ ಇಲ್ಲದಿದ್ದರೆ. ನಮ್ಮಲ್ಲಿ ಮಗುವನ್ನು ತಾಯ್ಮಾಮನ, ಅಂದರೆ ಸೋದರಮಾವನ, ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಮಗುವಿನ ಅಪ್ಪ ಇಲ್ಲದೆಯೂ ಆದೀತು, ಚಿನ್ನ ಇಲ್ಲದೆಯೂ ಆದೀತು, ತಾಯ್ಮಾಮ ಇಲ್ಲದೆ ಆಗುವುದಿಲ್ಲ. ಅವಳಿಗೆ ಇಬ್ಬರಿದ್ದಾರೆ, ಇಬ್ಬರೂ ಬರಬೇಕು. ಅವನು ಬರುವುದಾದರೆ ನಾನು ಬರುವುದಿಲ್ಲ ಎಂದು ಅಣ್ಣ ಹೇಳಿ ಕಳಿಸಿದ. ಮಾದೇಶ ಏನನ್ನೂ ಹೇಳಿ ಕಳಿಸಲಿಲ್ಲ. ಒಬ್ಬನನ್ನು ಕರೆದು ಒಬ್ಬನನ್ನು ಬಿಟ್ಟರೆ ಬಿಟ್ಟವನ ಮನೆಯ ಬಾಗಿಲು ನನಗೆ ಇನ್ನು ತವರಲ್ಲ. ಅತ್ತೆ ದಿನ ನೋಡಿಸಿಯಾಗಿತ್ತು. ಸಂಜೆ ಹೊತ್ತು ಅವರು ಅಕ್ಕಿ ಆರಿಸುತ್ತಾ, ಮಾವಂದಿರ ಸಮಾಚಾರ ಏನಾಯಿತು ಎಂದು ಕೇಳುವರು, ನಾನು ಕಂಪ್ಯೂಟರಿನ ಕಡೆ ಮುಖ ಮಾಡಿ ಏನೋ ಬಹಳ ಮುಖ್ಯವಾದದ್ದನ್ನು ಓದುವವಳಂತೆ ಕೂರುವೆ. ಓದುತ್ತಿದ್ದದ್ದು ನನ್ನದೇ ಥೀಮಿನ ಆ ಒಂದು ಸಾಲು. ಬಣ್ಣ ಬರೆಯದಿದ್ದರೆ ಕೆಂಪು.

ಕೊನೆಗೆ ನಾನೇ ಹೊರಟೆ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ, ಓಮಲೂರಿನಲ್ಲಿ ಬಸ್ಸು ಬದಲಿಸಿ, ನಂಗವಳ್ಳಿಯಲ್ಲಿ ಇಳಿದು ನಡೆದೆ. ದಾರಿಯುದ್ದಕ್ಕೂ ಮಾದೇಶನಿಗೆ ಹೇಳಬೇಕಾದದ್ದನ್ನು ಸರಳವಾಗಿ ಜೋಡಿಸಿಕೊಂಡಿದ್ದೆ. ಅವನು ರೊಪ್ಪದ ಬಾಗಿಲಲ್ಲಿ ಮರಿಗಳಿಗೆ ಹಾಲು ಕುಡಿಸುತ್ತಿದ್ದ. ಅವನ ಮೊಬೈಲ್ ಇಸಿದುಕೊಂಡು, ಹಳೆಯದನ್ನೆಲ್ಲ ಅಳಿಸಿ, ನೀಲಿ ಬೊಟ್ಟು ತೋರಿಸಿದೆ. ನೋಡಿದ, ಪರವಾಯಿಲ್ಲ ಎಂದ. ನಾನು ಬೇಕೆಂದು ಮಾಡಲಿಲ್ಲ ಕಣೋ, ಏನೂ ಬರೆಯದೆ ಬಿಟ್ಟರೆ ಅದು ತಾನಾಗಿಯೇ ಕೆಂಪು ತೆಗೆದುಕೊಳ್ಳುತ್ತದೆ, ಅಷ್ಟೇ ಎಂದು ಬಿಡಿಸಿ ಹೇಳಿದೆ.

ಅವನು ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟ.

"ತಪ್ಪಾಗಿದ್ದುಕ್ಕೆ ಕ್ವಾಪ ಇಲ್ಲ ಅಕ್ಕಾ. ಕೈತಪ್ಪಿ ಅಸ್ರು ಬಣ್ಣ ಬಂದಿದ್ರೆ ನಕ್ಕೊಂಡು ಸುಮ್ಕಾಗ್ತಿದ್ದೆ. ಏನೂ ಬರೀದೆ ಬುಟ್ರೆ ನಿಂಗೆ ಅಣ್ಣನ ಬಣ್ಣಾನೇ ಬತ್ತೈತಲ್ಲ, ಅದ್ಕೆ."

"ಅದು ಅಣ್ಣಂದಲ್ಲ ಕಣ್ಲಾ, ಅಪ್ಪಂದು."

"ನಂಗೂ ಅವ್ರು ಅಪ್ಪಾನೇ ತಾನೇ?"

ನನ್ನ ಮನಸ್ಸಿನಲ್ಲಿ ಮನೆ ಎಂದರೆ ಕೆಂಪು, ಅದು ನಿಜ. ಪಾಲಾದ ದಿನ ನಾನು ನಲ್ಲಂಪಳ್ಳಿಯಲ್ಲಿದ್ದೆ, ಫೋನಿನಲ್ಲಿ ಕೇಳಿ ಆಯಿತು ಬಿಡು ಎಂದಿದ್ದೆ. ನೀಲಿ ಡಬ್ಬಿ ಹಿಡಿದುಕೊಂಡು ಒಬ್ಬನೇ ಅಂಗಡಿಯಿಂದ ನಡೆದು ಬಂದವನು ಇವನು. ನನಗೆ ಅಳು ಬಂತು. ಕುರಿಯ ವಾಸನೆಗೆ ಕಣ್ಣು ಉರಿಯುತ್ತದೆ ಎಂದೆ. ಕುರಿಯ ನಡುವೆಯೇ ಹುಟ್ಟಿ ಬೆಳೆದವಳು ಹೇಳುವ ಮಾತೇ ಅದು? ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿ ಕಾಫಿ ತರಲು ಒಳಗೆ ಹೋದ.

ಮನೆಗೆ ಬಂದು ಆ ಸಾಲನ್ನು ಅಳಿಸಿಹಾಕಿದೆ. ಅದರ ಬದಲಿಗೆ, ಬಣ್ಣ ಬರೆಯದಿದ್ದರೆ ಕೆಲಸ ಅಲ್ಲೇ ನಿಲ್ಲಲಿ, ಬಣ್ಣ ಕೊಟ್ಟಿಲ್ಲ ಎಂದು ಹೇಳಲಿ ಎಂದು ಬರೆದೆ. ಒಳ್ಳೆಯ ಥೀಮಿನ ಲಕ್ಷಣ ಇದಲ್ಲ. ಒಳ್ಳೆಯ ಥೀಮು ಕೇಳದೆ ನಡೆಸಿಕೊಂಡು ಹೋಗಬೇಕು, ಒಳ್ಳೆಯ ಸೊಸೆಯ ಹಾಗೆ. ಫಲ ತಕ್ಷಣವೇ ಸಿಕ್ಕಿತು. ಮರುವಾರ ಅಣ್ಣನ ಹೊಸ ಮರಿಗಳ ಫೋಟೋ ಏರಿಸಲು ಹೋದರೆ ಸೈಟ್ ತಯಾರಾಗಲೇ ಇಲ್ಲ, ಬಣ್ಣ ಕೊಟ್ಟಿಲ್ಲ ಎಂದು ನಿಂತುಬಿಟ್ಟಿತು. ಅವನಿಗೂ ನಾನು ಎಂದೂ ಬರೆದಿರಲಿಲ್ಲವಲ್ಲ. ಕೂತು ಕೆಂಪು ಎಂದು ಬರೆದೆ. ಆಮೇಲೆ ಮಾದೇಶನಿಗೆ ಫೋನ್ ಮಾಡಿ, ಇನ್ನು ಮೇಲೆ ಅಣ್ಣನೂ ತನ್ನ ಬಣ್ಣ ಯಾವುದೆಂದು ಹೇಳಿ ಬರೆಸಿಕೊಳ್ಳಬೇಕು, ಸುಮ್ಮನೆ ಬರುವುದಿಲ್ಲ ಎಂದು ಹೇಳಿದೆ. ಅವನು ನಕ್ಕ. "ಅಂಗಾ?" ಎಂದ. ಫೋನ್ ಇಡುವ ಮುಂಚೆ, ಪಾಪು ಕಿವಿ ಚುಚ್ಚುವುದು ಯಾವತ್ತು ಎಂದು ಕೇಳಿದ.

ತಮ್ಮ ಬರುತ್ತಾನೆಂದು ತಿಳಿದ ಮೇಲೆ ಅಣ್ಣ ಬಾರದೆ ಇರುತ್ತಾನೆಯೇ? ಬಲಗಿವಿ ಅಣ್ಣನ ತೊಡೆಯ ಮೇಲೆ, ಎಡಗಿವಿ ಮಾದೇಶನ ತೊಡೆಯ ಮೇಲೆ ಎಂದು ಅತ್ತೆ ತೀರ್ಪು ಕೊಟ್ಟರು. ಚಿನ್ನದ ಕೆಲಸದ ಆಚಾರಿ ಬಲಗಿವಿ ಚುಚ್ಚಿದಾಗ ಮಗಳು ದೊಡ್ಡಮಾವನ ಕೈ ಕಚ್ಚಿದಳು, ಎಡಗಿವಿಗೆ ಚಿಕ್ಕಮಾವನ ಹೊಸ ಅಂಗಿಯ ಗುಂಡಿ ಕಿತ್ತಳು. ಪೆಟ್ಟು ತಿಂದ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಮಾತು ಶುರುವಾಗಲು ಏನಾದರೂ ವಿಷಯ ಬೇಕಲ್ಲ, ನನ್ನ ವೆಬ್‌ಸೈಟು ಸಿಕ್ಕಿತು. ಅಕ್ಷರ ಬಹಳ ಸಣ್ಣದು ಎಂದ ಅಣ್ಣ. ಫೋನ್ ನಂಬರ್ ಎಲ್ಲೋ ಕೆಳಗೆ ಹೋಗಿ ಕೂತಿದೆ ಎಂದ ಮಾದೇಶ. ಕುರಿ ಉದ್ದಕ್ಕೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಅಪ್ಪ ಹೋದ ಮೇಲೆ ಅವರು ಇಷ್ಟು ಹೊತ್ತು ಒಂದೇ ಅಭಿಪ್ರಾಯದಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಪಾಯಸ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ.

ಊಟವಾದ ಮೇಲೆ ಸೀರು ಕೊಡುವ ಹೊತ್ತು. ಸೀರು ಎಂದರೆ ತಾಯ್ಮಾಮ ಮಗುವಿಗೆ ಕೊಡುವ ಉಡುಗೊರೆ. ಹಿರಿಯರು ನಡುವೆ ನಿಂತು ಒಪ್ಪಿಸಿದ್ದರಿಂದ ಇಬ್ಬರೂ ಸೇರಿ ಒಂದು ಹೆಣ್ಣು ಮರಿ ತಂದಿದ್ದರು, ಅವಳದೇ ಮಂದೆ ಶುರುವಾಗಲಿ ಎಂದು. ಮರಿಯ ಮೈಮೇಲೆ ಬೊಟ್ಟು ಇರಲಿಲ್ಲ. ಯಾರ ಬಣ್ಣ ಹಾಕುವುದೆಂದು ದಾರಿಯಲ್ಲಿ ಒಬ್ಬರನ್ನೊಬ್ಬರು ಕೇಳಲು ಇಬ್ಬರಿಗೂ ಧೈರ್ಯವಾಗಿರಲಿಲ್ಲ. ಮಾದೇಶ ನನ್ನ ಕಡೆ ತಿರುಗಿ, "ನೀನೇ ಯೋಳಕ್ಕಾ, ನಿನ್ ಬಣ್ಣ ಯಾವ್ದು?" ಎಂದ. ಅಣ್ಣನೂ ನನ್ನ ಮುಖ ನೋಡಿದ. ಗಿರಾಕಿಗಳು ಬಣ್ಣ ಆರಿಸಲು ವಾರಗಟ್ಟಲೆ ತೆಗೆದುಕೊಂಡಾಗ, ಇದರಲ್ಲಿ ಯೋಚಿಸುವುದೇನಿದೆ ಎಂದು ಹಲ್ಲು ಕಡಿಯುವವಳು ನಾನು. ಆಮೇಲೆ ಹೇಳುತ್ತೇನೆ ಎಂದೆ.

ಮರಿ ಈಗ ನಮ್ಮ ಹಿತ್ತಲಲ್ಲಿದೆ. ಮೊನ್ನೆ ಹಗ್ಗ ಬಿಚ್ಚಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಮಂದೆಯ ಹಿಂದೆ ಹೊರಟುಬಿಟ್ಟಿತ್ತು. ಮಂದೆಯ ಮುದುಕ ಅದನ್ನು ಎತ್ತಿಕೊಂಡು ವಾಪಸ್ಸು ಬಂದು ಇದು ಯಾರದು ಎಂದು ಕೇಳಿದ. ನಮ್ಮದೇ ಎಂದೆ. ಅವನು ಮರಿಯ ಚಪ್ಪೆ ತಿರುಗಿಸಿ ನೋಡಿದ, ನನ್ನನ್ನು ನೋಡಿದ.

"ನಿಮ್ದು ಅನ್ನಾಕೆ ಇದ್ರಾಗೇನೂ ಇಲ್ವಲ್ಲಮ್ಮಾ" ಎಂದ.

ನಾನು ಅತ್ತೆಯನ್ನು ಸಾಕ್ಷಿಗೆ ಕರೆದೆ.